ಕರು ಗುಡ್ಡ ಹತ್ತಿದ ದಿನ

ಮೊನ್ನೆ ಮೊಮ್ಮಗಳು ನನ್ನ ಅಂಗೈಯಲ್ಲಿ ಇಪ್ಪತ್ತು ಮುಖದ ದಾಳವೊಂದನ್ನು ಇಟ್ಟಳು. ನೆಲ್ಲಿಕಾಯಿಯಷ್ಟು ಗಾತ್ರ, ತಣ್ಣಗಿತ್ತು. ರಜೆಗೆ ಗೆಳತಿಯರನ್ನು ಕಟ್ಟಿಕೊಂಡು ಬಂದಿದ್ದಾಳೆ. ಊಟದ ಮೇಜಿನ ಸುತ್ತ ಕೂತು ಎಂಥದೋ ಆಟ. ಇವಳು ಕತೆ ಹೇಳುತ್ತಾಳೆ, ಉಳಿದವರು ಕತೆಯೊಳಗಿನ ಜನ. ಮುಂದೇನು ಮಾಡುತ್ತೀರಿ ಎಂದು ಇವಳು ಕೇಳಬೇಕು, ಅವರು ಹೇಳಿ ದಾಳ ಹಾಕಬೇಕು. ಅವಳ ಗತ್ತು ನೋಡಿ ನನಗೆ ಹಿಗ್ಗೋ ಹಿಗ್ಗು. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳ ಮೊಮ್ಮಗಳು ನೋಡಿ ಎಂದು ಹಾಲಿನವನಿಗೂ ಹೇಳಿಬಿಟ್ಟಿದ್ದೇನೆ!

ಆದರೆ ದಾಳ ಕೈಗೆ ಬಂದದ್ದೇ ಮುಷ್ಟಿ ಬಿಗಿ ಹಿಡಿದೆ. ಈ ಆಟ ನಾನು ಆಡಿದ್ದೆ... ಕವಡೆಯಲ್ಲಿ.

ಎಪ್ಪತ್ತರ ದಶಕ. ಮದುವೆಯಾಗಿ ಕಾರ್ಗಲ್ಲಿನ ಅಣೆಕಟ್ಟು ನೌಕರರ ಕ್ವಾರ್ಟರ್ಸಿಗೆ ಬಂದ ಹೊಸತು. ಪಕ್ಕದ ಮನೆಯಲ್ಲಿ ಮಗನ ಜೊತೆ ಒಬ್ಬ ವಯಸ್ಸಾದ ಹೆಂಗಸು ಇದ್ದರು. ಸಾಲಿನವರಿಗೆಲ್ಲ ಅವರು ದೊಡ್ಡಮ್ಮ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ ನಾವು ಮೂರು ನಾಲ್ಕು ಹೆಂಗಸರು ಅವರ ಜಗಲಿಯಲ್ಲಿ ಸೇರುತ್ತಿದ್ದೆವು. ಅವರು ಸಿಮೆಂಟಿನ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಊರು ಬರೆಯುವರು. ಮನೆ, ಬಾವಿ, ಕೊಟ್ಟಿಗೆ, ಹಿಂದೆ ಗುಡ್ಡ, ಮುಂದೆ ಹೊಳೆ. 'ನೀನು ಮನೆ ಸೊಸೆ, ಇವಳು ದನ ಕಾಯೋಳು' ಎಂದು ಕತೆ ಶುರು. ತಿರುವು ಬಂದಲ್ಲೆಲ್ಲ ನಿಲ್ಲಿಸಿ 'ಎಂತ ಮಾಡ್ತೀಯೆ?' ಅನ್ನುವರು. ನಾವು ಹೇಳಿ ಐದು ಕವಡೆ ಹಾಕಬೇಕು. ಅಂಗಾತ ಹೆಚ್ಚು ಬಿದ್ದರೆ ಅಂದುಕೊಂಡದ್ದು ಆಗುತ್ತದೆ, ಬೋರಲು ಬಿದ್ದರೆ ಇಲ್ಲ.

ಹುಲಿ ಬಂದರೂ ಕಳ್ಳ ಬಂದರೂ ಕವಡೆಯ ಮಾತು ನಡೆಯುತ್ತಿತ್ತು. ಆದರೆ ಕತೆ ಯಾವ ದಾರಿ ಹಿಡಿದರೂ ಕೊನೆಗೆ ಹೊಳೆ ಏರುತ್ತಿತ್ತು, ಕೊಟ್ಟಿಗೆಯಲ್ಲಿ ಕರು ಕಟ್ಟಿರುತ್ತಿತ್ತು. ಒಂದು ದಿನ ನಾನು ಹಗ್ಗ ಬಿಚ್ಚುತ್ತೇನೆ ಎಂದೆ. ಐದಕ್ಕೆ ಐದೂ ಅಂಗಾತ!

'ಬಿಚ್ಚಲಿಲ್ಲ. ಗಂಟು ನೆಂದು ಬಿಗೀತು. ನೀರು ಬಂತು' ಎಂದರು ದೊಡ್ಡಮ್ಮ.

'ಐದೂ ಬಿದ್ದಾವಲ್ಲ ದೊಡ್ಡಮ್ಮ!'

'ಬೀಳ್ಲಿ. ಆಟ ಆಡ್ಸೋಳು ನಾನಾ, ಕವಡೆಯಾ?'

'ಹಂಗಾದ್ರೆ ನಮ್ಮನ್ಯಾಕೆ ಕೇಳ್ತೀರಿ ಮಾರಾಯ್ರೆ, ನೀವೊಬ್ರೇ ಆಡ್ಕಳಿ' ಎಂದು ಎದುರು ಮನೆಯವಳು ಸೆರಗು ಕೊಡವಿ ಎದ್ದಳು. ಉಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಆಗ ನನಗೆ ಏಳು ತಿಂಗಳು.

ಹೆರಿಗೆಗೆ ತವರಿಗೆ ಹೋಗಬೇಕು, ತವರು ಅಣೆಕಟ್ಟಿನ ಹಿನ್ನೀರಿನ ಆಚೆ. ಹೊಳೆಬಾಗಿಲಿನ ಕಡವಿನಲ್ಲಿ ಲಾಂಚು ಹತ್ತದೆ ದಾರಿಯಿಲ್ಲ. ಐದು ಕವಡೆ ಬಿದ್ದರೂ ನೀರೇ ಗೆದ್ದಿತಲ್ಲ, ಅದು ನನಗೇ ನುಡಿದ ಶಕುನ ಅನ್ನಿಸಿಬಿಟ್ಟಿತು. ನಲ್ಲಿ ಕೆಳಗಿನ ಕೊಡದಲ್ಲಿ ನೀರು ಏರುವುದನ್ನು ನೋಡಲಾರದೆ ಮುಖ ತಿರುಗಿಸುತ್ತಿದ್ದೆ. ಮಗು ಒದ್ದರೆ ಬೆವರು ಬರುತ್ತಿತ್ತು. ಅಣ್ಣ ಕರೆಯಲು ಬಂದಾಗ ಬಾಗಿಲ ಚೌಕಟ್ಟು ಹಿಡಿದು ಕೂತೆ, ಸತ್ತರೂ ಬರುವುದಿಲ್ಲ ಎಂದು.

ಗಲಾಟೆ ಕೇಳಿ ದೊಡ್ಡಮ್ಮ ಬಂದರು. ಕಾರಣ ಹೇಳಿದೆ. ಅವರು ಚೌಕಟ್ಟಿನಿಂದ ನನ್ನ ಕೈ ಬಿಡಿಸಿ, ತಮ್ಮ ಜಗಲಿಗೆ ಕರೆದೊಯ್ದು ಅದೇ ಊರು ಬರೆದು, ಸೀಮೆಸುಣ್ಣ ನನ್ನ ಕೈಗೆ ಕೊಟ್ಟರು.

'ಇವತ್ತು ನೀ ಆಡ್ಸು. ಸೊಸೆ ನಾನು.'

ಹೊಳೆಯ ಗೆರೆಯ ಮೇಲೆ ಸೀಮೆಸುಣ್ಣ ಇಟ್ಟೆ. 'ಹೊಳೆ ಏರ್ತಾ ಇದೆ... ಎಂತ ಮಾಡ್ತೀರಿ ದೊಡ್ಡಮ್ಮ?'

'ಕರು ಬಿಚ್ತೀನಿ.'

ದೊಡ್ಡಮ್ಮ ಕವಡೆ ಹಾಕಿದರು. ಐದೂ ಬೋರಲು. ಅವರು ಕವಡೆ ಬಿಟ್ಟು ನನ್ನ ಮುಖವನ್ನೇ ನೋಡಿದರು. ಅಷ್ಟು ಹೆದರಿದ ಮುಖವನ್ನು ನಾನು ಆವರೆಗೆ ಕನ್ನಡಿಯಲ್ಲಿ ಮಾತ್ರ ಕಂಡಿದ್ದೆ.

'ಬಿಚ್ಚಿತು' ಎಂದೆ. 'ಕರು ಗುಡ್ಡ ಹತ್ತಿತು.'

ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. 'ಅಣೆಕಟ್ಟಿನ ನೀರು ಬಂದಾಗ ನಂಗೆ ಬಿಚ್ಚಕ್ಕಾಗ್ಲಿಲ್ಲ ಹೆಣ್ಣೇ. ಗುಡ್ಡದ ಮೇಲೆ ನಿಂತ್ರೆ ಅದರ ಕೂಗು ಕೇಳ್ತಿತ್ತು... ಅದು ನನ್ನ ಕತೆ. ನಿಂದಲ್ಲ. ನೀ ಹೋಗು.'

ಹೋದೆ. ಹೆದರಿಕೆಯೇನೂ ಬಿಟ್ಟಿರಲಿಲ್ಲ; ನಡು ನೀರಿನಲ್ಲಿ ಇಂಜಿನ್ ಒಮ್ಮೆ ಕೆಮ್ಮಿದ್ದಕ್ಕೆ ಅಣ್ಣನ ಅಂಗಿಯ ಗುಂಡಿ ಕಿತ್ತು ನನ್ನ ಕೈಗೆ ಬಂದಿತ್ತು. ಆಚೆ ದಡ ಸಿಕ್ಕಿತು. ಮಗಳು ಹುಟ್ಟಿದಳು, ಈ ಮೊಮ್ಮಗಳ ತಾಯಿ.

ಐದು ತಿಂಗಳಾದ ಮೇಲೆ ಕೂಸನ್ನು ತೋರಿಸೋಣವೆಂದು ಬಂದರೆ ಪಕ್ಕದ ಮನೆಗೆ ಬೀಗ. ಮಗನಿಗೆ ವರ್ಗವಾಗಿತ್ತಂತೆ. ಜಗಲಿಯ ಮೇಲೆ ಬಾವಿಯೊಂದು, ಗುಡ್ಡದ ಅರ್ಧ ಗೆರೆ ಉಳಿದಿತ್ತು. ಮತ್ತೆ ಅವರನ್ನು ಕಾಣಲಿಲ್ಲ. ಎಲ್ಲಿ ಇದ್ದರೋ, ಯಾವಾಗ ಹೋದರೋ...

'ಅಜ್ಜಿ, ಊರಿಗೆ ನೀರು ನುಗ್ತಾ ಇದೆ. ಏನ್ಮಾಡ್ತೀಯ?' ಮೊಮ್ಮಗಳು ಕೇಳುತ್ತಿದ್ದಳು. ದಾಳ ಇನ್ನೂ ನನ್ನ ಮುಷ್ಟಿಯಲ್ಲೇ ಇತ್ತು, ಬೆಚ್ಚಗಾಗಿತ್ತು.

'ಮೊದ್ಲು ಕೊಟ್ಟಿಗೆಗೆ ಹೋಗ್ತೀನಿ.'

'ಈ ಕತೆಯಲ್ಲಿ ಕೊಟ್ಟಿಗೆ ಇಲ್ಲಜ್ಜೀ!' ಗೆಳತಿಯರು ಕಿಸಕ್ಕೆಂದರು. ಇವಳು ಮಾತ್ರ ನನ್ನ ಮುಖ ನೋಡಿದಳು. ಪೆನ್ಸಿಲ್ ತೆಗೆದು ಕಾಗದದ ಮೂಲೆಯಲ್ಲಿ ಪುಟ್ಟದೊಂದು ಚೌಕ ಬರೆದಳು.

'ಸರಿ, ಇದೆ. ಹಾಕು.'

ಆ ಚೌಕವನ್ನು ತೋರಿಸೋಣವೆಂದರೆ ದೊಡ್ಡಮ್ಮ ಇಲ್ಲ. ದಾಳ ಹಾಕಿದೆ.