ಗಂಟೆಯ ಹಿಂದೆ ಬಂದ ಕಾಟಿ

ಭದ್ರಾವತಿಯ ಕಾರ್ಖಾನೆಯ ಸೈರನ್ ಕೇಳುವಷ್ಟು ದೂರದಲ್ಲಿ, ಕಾಡಿನ ಅಂಚಿನ ಒಂದು ಹಳ್ಳಿ. ಅಲ್ಲಿ ಊರ ದನ ಕಾಯುತ್ತಿದ್ದವನು ಕರಿಯಣ್ಣ. ಅವನಿಗೆಂದು ಇದ್ದದ್ದು ಒಂದೇ ಹಸು, ಕೆಂಚಿ. ಚೊಚ್ಚಲ ಗಬ್ಬ. ಗಂಟೆ ಕಟ್ಟಿಕೊಂಡು ಅದು ಮುಂದೆ ನಡೆದರೆ ಊರ ದನವೆಲ್ಲ ಹಿಂದೆ.

೧೯೫೮ರ ಬೇಸಿಗೆಯಲ್ಲಿ ಊರಿಗೆ ದೊಡ್ಡರೋಗ ಬಂತು. ದನಗಳ ಕಣ್ಣು, ಮೂಗಿನಲ್ಲಿ ಕೀವು, ಬಾಯಲ್ಲಿ ಹುಣ್ಣು, ಆಮೇಲೆ ನಿಲ್ಲದ ಭೇದಿ. ಹಿರಿಯರ ಪದ್ಧತಿಯಂತೆ ಮಾರಿಯನ್ನು ಗಡಿ ದಾಟಿಸಿದರು. ರೋಗ ಹತ್ತಿದ್ದ ಎಮ್ಮೆಕರುವಿಗೆ ಅರಿಶಿನ ಬಳಿದು, ಬೇವು ಕಟ್ಟಿ ಕಾಡಿಗೆ ಅಟ್ಟಿದರು. ಅಟ್ಟಿದವನು ಕರಿಯಣ್ಣನೇ. ಊರಲ್ಲಿ ರೋಗ ನಿಂತಿತು.

ಶಿವಮೊಗ್ಗದಿಂದ ದನದ ಡಾಕ್ಟರು ವೆಂಕಟಾಚಲ ಬಂದರು. ರೋಗ ತಗುಲದೆ ಉಳಿದ ದನಗಳಿಗೆ ಲಸಿಕೆ ಹಾಕಬೇಕೆಂದರು.

"ಮಾರಿ ಹೋಗಾಯ್ತು. ಸೂಜಿ ಚುಚ್ಚಿ ವಾಪಸ್ ಕರೀತೀರಾ?" ಎಂದರು ಊರ ಯಜಮಾನ ಶಿವಯೋಗಪ್ಪ.

"ಕಾಡಲ್ಲಿ ಕಾಟಿಗಳಿವೆ, ಕಾಡುಕೋಣಗಳು. ಅವಕ್ಕೂ ಇದೇ ರೋಗ ಬರುತ್ತೆ, ಯಜಮಾನ್ರೇ."

"ಹಂಗಾದ್ರೆ ಕಾಟಿಗೇ ಚುಚ್ಚಿ ಡಾಕ್ಟ್ರೇ, ಅದು ನಿಮ್ಮನ್ನ ಚುಚ್ಚೋಕೆ ಮುಂಚೆ!"

ಎಲ್ಲರೂ ನಕ್ಕರು. ಕರಿಯಣ್ಣನೂ ನಕ್ಕ.

ಕೆಲವು ವಾರಗಳಲ್ಲಿ ಕಾಡಿನ ಕಡೆಯಿಂದ ನಾತ ಬರತೊಡಗಿತು. ಮರಗಳ ತುದಿಯಲ್ಲಿ ರಣಹದ್ದುಗಳು ಹಾರದೆ ಕೂತಿರುತ್ತಿದ್ದವು. ಒಂದು ಮಧ್ಯಾಹ್ನ ದನ ತಿರುಗಿಸಿಕೊಂಡು ಬರುವಾಗ ಸೌದೆ ಹೊತ್ತ ದುರ್ಗಮ್ಮ ಎದುರಾಗಿ, ಅವನ ಬೆನ್ನ ಹಿಂದೆ ನೋಡುತ್ತ ನಿಂತುಬಿಟ್ಟಳು.

"ಕರಿಯಣ್ಣ... ಅದು ಯಾರ ಮನೇದೋ?"

ತಿರುಗಿ ನೋಡಿದ. ಬಿಳಿ ಕಾಲಿನ ದೊಡ್ಡ ಕಾಟಿ, ಒಂಟಿ. ಕಣ್ಣೆರಡೂ ಕೀವಿನಿಂದ ಮುಚ್ಚಿಹೋಗಿದ್ದವು. ಕೆಂಚಿ ನಿಂತು ಗಂಟೆ ಸುಮ್ಮನಾದರೆ ಕಾಟಿಯೂ ನಿಲ್ಲುತ್ತಿತ್ತು. ಕೆಂಚಿ ತಲೆಯಾಡಿಸಿದರೆ, ಸದ್ದಿನ ಕಡೆಗೆ ಹೆಜ್ಜೆಯಿಡುತ್ತಿತ್ತು. ಕಣ್ಣಿಲ್ಲದ ಆ ಪ್ರಾಣಿ ದನಗಳ ಜೊತೆ ಊರಿಗೆ ಹೊರಟಿತ್ತು.

"ಕಾಡಿಂದು, ದುರ್ಗಕ್ಕ. ನಾವು ಅಟ್ಟಿದ್ದನ್ನ ಹೊತ್ಕೊಂಡು ಬರ್ತಿದೆ. ದನ ಬೇಗ ಹೊಡ್ಕೊಂಡು ಹೋಗು."

ಕೆಂಚಿಯ ಕೊರಳಿನ ಗಂಟೆ ಬಿಚ್ಚಿಕೊಂಡು, ಅದನ್ನು ಆಡಿಸುತ್ತ ಕರಿಯಣ್ಣ ಪಕ್ಕದ ಕಾಲುದಾರಿಯಿಂದ ಕಾಡಿನ ಕಡೆ ನಡೆದ. ಕಾಟಿ ಅವನತ್ತ ತಿರುಗಿತು. ಹಿಂದೆ ಒಣ ಎಲೆ ಮುರಿಯುವ ಭಾರದ ಹೆಜ್ಜೆ, ಗೊರಗೊರ ಉಸಿರು. ಓಡಿದರೆ ಗಂಟೆ ಜೋರಾಗುತ್ತದೆ, ನಿಂತರೆ ಅದು ಮೈಮೇಲೆ ಬರುತ್ತದೆ. ಒಂದೇ ಸಮನೆ ನಡೆದ. ಬಿದಿರುಮೆಳೆ ದಾಟಿ, ಗಂಟೆಯನ್ನು ಬಾಗಿದ ಕೊಂಬೆಗೆ ಕಟ್ಟಿ ಪಕ್ಕಕ್ಕೆ ಸರಿದ. ಕಾಟಿ ಬಂದು ಅದರಡಿ ನಿಂತು, ಹಣೆಯಿಂದ ಗಂಟೆಯನ್ನು ಮೆಲ್ಲಗೆ ತಟ್ಟಿತು. ಮತ್ತೆ ತಟ್ಟಿತು.

ರೋಗ ಮೈಗಂಟಿ ಊರಿಗೆ ಬರಬಾರದೆಂದು ಹಳ್ಳದಲ್ಲಿ ಬಟ್ಟೆ ಸಮೇತ ಮುಳುಗೆದ್ದು ಅವನು ನೇರ ಶಿವಯೋಗಪ್ಪನವರ ಜಗಲಿಗೆ ಬಂದ.

"ಡಾಕ್ಟ್ರನ್ನ ಕರೆಸಿ, ಯಜಮಾನ್ರೇ."

"ಮಾರಿ ಮುನಿದ್ರೆ ಏನೋ ಗತಿ?"

"ಕೇಳಿ. ಕೆಂಚಿ ಗಂಟೆ ಅದು. ನಾವು ಅಟ್ಟಿದ ರೋಗ ಹತ್ತಿದ ಕಾಟಿ ತಟ್ತಿದೆ."

ಗಾಳಿ ಇರಲಿಲ್ಲ. ಆದರೂ ಕಾಡಿನೊಳಗಿಂದ ಗಂಟೆ ಕೇಳುತ್ತಿತ್ತು. ಯಜಮಾನರು ಜಗಲಿಯಿಂದೆದ್ದು ಕಾಡಿನ ಕಡೆ ನೋಡಿದರು. ಆಮೇಲೆ ಶಿವಮೊಗ್ಗಕ್ಕೆ ಆಳು ಕಳಿಸಿದರು.

ಡಾಕ್ಟರು ಬಂದಾಗ ಯಾರೂ ತಮ್ಮ ದನವನ್ನು ಮುಂದೆ ತರಲಿಲ್ಲ. ಕರಿಯಣ್ಣ ಕೆಂಚಿಯನ್ನು ತಂದ.

"ಗಬ್ಬ ಕಣಯ್ಯ. ಲಸಿಕೆಗೆ ಜ್ವರ ಬರುತ್ತೆ. ಕರು ಉಳಿಯುತ್ತೆ ಅಂತ ನಾನು ಮಾತು ಕೊಡಲಾರೆ," ಎಂದರು ವೆಂಕಟಾಚಲ.

"ಇದು ಸೂಜಿಗೆ ನಿಂತ್ರೆ ಉಳಿದವರೂ ತಮ್ಮದನ್ನ ತರ್ತಾರೆ, ಚುಚ್ಚಿ ಸ್ವಾಮಿ."

ಸೂಜಿ ಇಳಿಯುವ ಹೊತ್ತಿಗೆ ಗಂಟೆ ಮತ್ತೆ ಕೇಳಿಸಿತು. ಕೆಂಚಿ ಕಾಡಿನ ಕಡೆ ಕಿವಿ ನಿಮಿರಿಸಿ ಹೊರಳಿತು. ಕರಿಯಣ್ಣ ಅದರ ಎರಡೂ ಕಿವಿಗಳನ್ನು ಅಂಗೈಯಲ್ಲಿ ಮುಚ್ಚಿ, ಹಣೆಗೆ ಹಣೆ ಒತ್ತಿ ಹಿಡಿದ. ಅವನ ಹಿಂದೆ ದುರ್ಗಮ್ಮ ತನ್ನ ಎಮ್ಮೆಯ ಹಗ್ಗ ಬಿಚ್ಚುತ್ತಿದ್ದಳು.