ಹಲ್ಲಾಸ್ಪತ್ರೆಯ ಹಾಸ್ಯಗಾರ

"ನನ್ನ ಕಥೆ ಮುಗೀತು ಕಣೋ. ನಾಳೆ ಮೊದಲ ಸಲ ಜೋಕ್ ಹೇಳೋಕೆ ಸ್ಟೇಜ್ ಹತ್ಬೇಕು. ಇವತ್ತು ಆ ಹೊಲಿಗೆ ಅಂಗಡಿ ಹುಡುಗಿ ಹಲ್ಲಿಗೆ ಸಿಮೆಂಟ್ ಹಾಕಿಸ್ಕೊಳ್ಳೋಕೆ ಬಂದಿದ್ಲು. ಡಾಕ್ಟ್ರು ಫೋನ್ ಬಂತೂಂತ ಆಚೆ ಹೋದ್ರು. ಇದೇ ಸಮಯ ಅಂತ ನಾಳೆ ಶೋಗೆ ಕರೆದು, ಇದ್ದಬದ್ದ ಜೋಕೆಲ್ಲ ಹೇಳ್ದೆ, ನಮ್ಮ ಮಾವನ ಥರ ಗೊರಕೆ ಹೊಡೆದು ತೋರಿಸ್ದೆ. ಗೋಡೆ ಥರ ಕೂತಿದ್ಲು ಮಾರಾಯ! ಅವಳೇ ನಗದಿದ್ಮೇಲೆ ಇನ್ಯಾರು ನಗ್ತಾರೆ? ನಾಳೆ ನಾನು ಸ್ಟೇಜ್ ಹತ್ತಲ್ಲ."

ಹಲ್ಲಿನ ಆಸ್ಪತ್ರೆಯ ಸಹಾಯಕ ಹೀಗೆ ಗೋಳಾಡಿದ್ದು ಪಕ್ಕದ ಔಷಧಿ ಅಂಗಡಿಯ ಗೆಳೆಯನ ಮುಂದೆ.

"ಬಾಯಿಗೆ ಇಂಜೆಕ್ಷನ್ ಆಗಿತ್ತಾ?" ಎಂದ ಗೆಳೆಯ.

"ಆಗಿತ್ತು. ಹತ್ತಿ ಇಟ್ಟಿದ್ದು ನಾನೇ."

"ಅಯ್ಯೋ ಪೆದ್ದೇ! ಮರಗಟ್ಟಿದ ಬಾಯಿ ಹೆಂಗೋ ನಗುತ್ತೆ?"

ದಿನಾ ನೋಡುವ ಸಂಗತಿಯೇ ಪ್ರೀತಿಯ ಗಡಿಬಿಡಿಯಲ್ಲಿ ಅವನ ತಲೆಗೆ ಹೊಳೆದಿರಲಿಲ್ಲ. ಆದರೂ ಅನುಮಾನ ಬಿಡಲಿಲ್ಲ. ಅಷ್ಟರಲ್ಲಿ ಅವಳೇ ನೋವಿನ ಮಾತ್ರೆಗೆಂದು ಬಂದಳು.

"ರೀ, ನಿಮಗೆ ಕರುಣೆ ಇಲ್ವಾ? ಎಲ್ಲಿ ಹತ್ತಿ ನುಂಗ್ಬಿಡ್ತೀನೋ ಅಂತ ನಗು ತಡೆದು ತಡೆದು ಪಕ್ಕೆ ಹಿಡ್ಕೊಂಡಿದೆ! ನಾಳೆ ಆ ಗೊರಕೆ ಇರುತ್ತಲ್ವಾ? ನಮ್ಮಕ್ಕನ್ನೂ ಕರ್ಕೊಂಡು ಬರ್ತೀನಿ."

ಅವನಿಗೆ ಹೋದ ಜೀವ ಬಂದಂತಾಯಿತು. ಇರುತ್ತೆ ಎಂದು ತಲೆಯಾಡಿಸಿ, ಆಸ್ಪತ್ರೆಗೆ ಮರಳಿ, ಬಕೆಟ್ಟಿನಲ್ಲಿ ಬಟ್ಟೆ ಹಿಂಡಿ ನೆಲ ಒರೆಸತೊಡಗಿದ.