ಕಾಲಿಡಲು ಒಂದು ಜಾಗ

ದಿನದಲ್ಲಿ ನಾನು ಅತಿ ಹೆಚ್ಚು ಸಲ ಆಡುವ ಮಾತು "ನೆಟ್ಟಗೆ ಕೂತ್ಕೋ" ಎಂಬುದು. ಇದನ್ನು ಬಹುಪಾಲು ಸೋಫಾದಲ್ಲಿ ಅರ್ಧ ಮಲಗಿಕೊಂಡೇ ಹೇಳುತ್ತೇನೆ. ವಿಜಯನಗರದಿಂದ ಮೆಟ್ರೋದಲ್ಲಿ ನಿಂತು ಆಫೀಸಿಗೆ ಹೋಗಿ, ನಿಂತೇ ವಾಪಸು ಬಂದ ಮೇಲೆ ಉಪದೇಶ ಮಾಡುವಷ್ಟು ಶಕ್ತಿ ಬಾಯಿಗೆ ಉಳಿದಿರುತ್ತದೆ, ಬೆನ್ನಿಗೆ ಉಳಿದಿರುವುದಿಲ್ಲ.

ಮಗಳು ನಿಧಿ ನಾಲ್ಕನೇ ಕ್ಲಾಸು. ಹೋಮ್‌ವರ್ಕಿಗೆ ಕೂತರೆ ಸಾಕು, "ಅಮ್ಮಾ, ಕತ್ತು ನೋಯ್ತಿದೆ" ಎನ್ನುತ್ತಿದ್ದಳು. ಅದು ಗಣಿತದ ನೋವು ಎಂದುಕೊಂಡಿದ್ದೆ. ರಜೆಯಲ್ಲಿ ಚಿತ್ರ ಬರೆಯುವಾಗಲೂ ಕತ್ತು ಹಿಡಿದುಕೊಂಡಳು ನೋಡಿ, ಆಗ ನಿಜಕ್ಕೂ ಭಯವಾಯಿತು.

ಹಾಗಾಗಿ ಅವಳ ಶಾಲೆಯವರು ತಂದೆತಾಯಿಯರಿಗೆ ತಿಳಿಹೇಳಲು ಫಿಸಿಯೋಥೆರಪಿಸ್ಟ್ ಒಬ್ಬರನ್ನು ಕರೆಸಿದಾಗ, ಶನಿವಾರದ ನಿದ್ದೆ ಬಿಟ್ಟು ಹೋದೆ. ಮಕ್ಕಳು ಹೇಗೆ ಕೂರಬೇಕೆಂಬುದನ್ನು ನಾವೆಲ್ಲ ಒಂದನೇ ಕ್ಲಾಸಿನ ಬೆಂಚುಗಳಲ್ಲಿ ಮುದುರಿಕೊಂಡು ಕೇಳಿದೆವು. "ಕಾಲು ಜೋತಾಡ್ತಿದ್ರೆ ಮಗು ಮುಂದಕ್ಕೆ ಬಾಗುತ್ತೆ. ಪಾದದ ಕೆಳಗೆ ಏನಾದ್ರೂ ಇಡಿ. ಹಳೇ ದಪ್ಪ ಪುಸ್ತಕ ಕಟ್ಟಿಟ್ರೂ ಆಯ್ತು" ಎಂದರು ಆಕೆ. ನಿಧಿ ಓದುವುದು ಊಟದ ಟೇಬಲ್ಲಿನಲ್ಲಿ, ದೊಡ್ಡವರ ಕುರ್ಚಿಯಲ್ಲಿ. ಅವಳ ಕಾಲು ನೆಲ ಮುಟ್ಟುವುದಿಲ್ಲ. ಇಷ್ಟೇ ತಾನೇ ಎಂದು ಹಗುರಾಗಿ ಮನೆಗೆ ಬಂದೆ.

ಹಳೆಯ ಡಿಕ್ಷನರಿ, ಗೈಡುಗಳನ್ನು ದಾರದಲ್ಲಿ ಕಟ್ಟಿ ಟೇಬಲ್ಲಿನ ಕೆಳಗಿಟ್ಟೆ. ನಿಧಿ ಕಾಲು ಮೇಲಕ್ಕೆತ್ತಿಕೊಂಡಳು. "ಬುಕ್ ಮೇಲೆ ಕಾಲಾ? ಸರಸ್ವತಿ ಅಲ್ವಾ ಅಮ್ಮ?" ಪುಸ್ತಕಕ್ಕೆ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಲು ಕಲಿಸಿದವಳು ನಾನೇ. ಸರಿ, ಮಣೆ ತಂದೆ. ಅಡುಗೆಮನೆಯಿಂದ ಅತ್ತೆ ಇಣುಕಿದರು. "ಅದು ಗೌರಿ ಕೂರಿಸೋ ಮಣೆ ಕಣಮ್ಮ." ಅಕ್ಕಿ ಡಬ್ಬದ ಕಡೆ ನೋಡುವ ಧೈರ್ಯವಾಗಲಿಲ್ಲ. ನಮ್ಮೆಜಮಾನರ ಟೂಲ್ ಬಾಕ್ಸಿನ ಮೇಲೆ ಹೋದ ಆಯುಧಪೂಜೆಯ ಕುಂಕುಮ ಇನ್ನೂ ಇತ್ತು.

ನಮ್ಮ ಹಿರಿಯರು ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂರುತ್ತಿದ್ದರು, ಕಾಲಿಗೆ ಆಸರೆ ಬೇಕಾಗಲೇ ಇಲ್ಲ. ಅದಕ್ಕೇ ಇರಬೇಕು, ಮನೆಯ ಒಂದೊಂದು ಸಾಮಾನಿನಲ್ಲೂ ದೇವರನ್ನು ಕೂರಿಸಿ, ಕಾಲಿಗೆಂದು ಏನನ್ನೂ ಉಳಿಸದೆ ಹೋದರು. ಮುಂದೆ ಕುರ್ಚಿ ಬಂದೀತೆಂದು ಅವರಿಗೇನು ಗೊತ್ತಿತ್ತು?

ನನಗೆ ಸಾಕಾಗಿಹೋಯಿತು. ನಾಳೆ ಎರಡು ಇಟ್ಟಿಗೆ ತಂದರಾಯಿತೆಂದು, ಅವರೆಕಾಯಿ ಬುಟ್ಟಿ ಹಿಡಿದು ಅವಳ ಟೇಬಲ್ಲಿನ ಪಕ್ಕದಲ್ಲೇ ನೆಲಕ್ಕೆ ಕೂತು ಸುಲಿಯತೊಡಗಿದೆ. ಸ್ವಲ್ಪ ಹೊತ್ತಿಗೆ ನನ್ನ ಮಡಿಸಿದ ತೊಡೆಯ ಮೇಲೆ ಎರಡು ಪುಟ್ಟ ಪಾದಗಳು ಬಂದು ಕೂತವು. ತಲೆಯೆತ್ತಿ ನೋಡಿದರೆ ನಿಧಿ ನೆಟ್ಟಗೆ ಕೂತು ಬರೆಯುತ್ತಿದ್ದಾಳೆ. ಬಾಗಿದ್ದವಳು ನಾನು.

ಅಷ್ಟರಲ್ಲಿ ಅತ್ತೆ ಬಂದರು. ತಾಯಿಯೂ ದೇವರೆಂದು ಈಗಲಾದರೂ ಹೇಳಿಯಾರು ಎಂದು ಕಾದೆ. ಅವರು ನಮ್ಮಿಬ್ಬರನ್ನೂ ಒಮ್ಮೆ ನೋಡಿ ಮೆಲ್ಲಗೆ ಅಂದರು: "ಅಲ್ಲಾಡ್ಬೇಡಮ್ಮ, ಮಗು ಬರೀತಾ ಇದೆ."

ಅಲ್ಲಾಡಲಿಲ್ಲ. ಅಷ್ಟೆಲ್ಲ ಆಯಾಸದಲ್ಲೂ ಆ ಪಾದಗಳ ಬಿಸಿ ಹಿತವಾಗಿತ್ತು. ನಿಧಿ ಈಗ ಕತ್ತು ನೋವು ಎನ್ನುವುದಿಲ್ಲ. ನನ್ನ ಮಂಡಿ ಹಿಡಿದುಕೊಂಡಿದೆ. ಇಟ್ಟಿಗೆ ಇನ್ನೂ ತಂದಿಲ್ಲ.